ರುದ್ರೇಶಿಯ ಬಾಯಿ

ಶಿಕಾರಿಪುರದ ಮೆಕ್ಯಾನಿಕ್ ರುದ್ರೇಶಿ ಮಾತಾಡುವ ಮೊದಲು ಉಗುಳುತ್ತಿದ್ದ, ಮಾತು ಮುಗಿಸಿಯೂ ಉಗುಳುತ್ತಿದ್ದ. ಗುಟ್ಕಾ ತಿಂದು ತಿಂದು ಹಲ್ಲುಗಳು ತುಕ್ಕು ಹಿಡಿದ ಬೋಲ್ಟಿನ ಹಾಗಾಗಿದ್ದವು. ಲ್ಯಾಪ್‌ಟಾಪಿನ ಗುಂಡಿ ಒತ್ತುವಾಗಲೂ, ಸಂತೆಯಲ್ಲಿ ನೋಟು ಎಣಿಸುವವರ ಹಾಗೆ, ಬೆರಳಿಗೆ ಎಂಜಲು ಹಚ್ಚಿಕೊಳ್ಳುತ್ತಿದ್ದ. ಅವನು ಚಹಾ ಕುಡಿದ ಲೋಟವನ್ನು ಬೂದಿ ಹಾಕಿ ಎರಡು ಸಲ ತಿಕ್ಕುತ್ತಿದ್ದೆ. ಏನು ಮಾಡುವುದು, ಕಾರಿನೊಳಗಿನ ಕಂಪ್ಯೂಟರಿಗೆ ಕೈ ಹಾಕುವವನು ನಮ್ಮ ಕಡೆ ಅವನೊಬ್ಬನೇ.

ನನ್ನ ಮಗಳು ಗಿರಿಜೆ, ಗಂಡ ತೀರಿಕೊಂಡ ಮೇಲೆ, ಊರಿನ ಮಕ್ಕಳನ್ನು ಕಾರಿನಲ್ಲಿ ಆನವಟ್ಟಿಯ ಶಾಲೆಗೆ ಬಿಟ್ಟು ಕರೆತರುತ್ತಾಳೆ. ನಮ್ಮಿಬ್ಬರ ಅನ್ನ ಅದೇ. ಆಯುಧಪೂಜೆಗೆ ಕಾರು ತೊಳೆಯುವಾಗ ಎಂಜಿನ್ನಿಗೂ ಪೈಪು ಹಿಡಿದವಳು ನಾನು. ಕೊಳೆ ಕಂಡರೆ ನನಗಾಗದು. ಮಾರನೆಯ ದಿನ ಕಾರು ಉಸಿರೆತ್ತಲಿಲ್ಲ.

ರುದ್ರೇಶಿ ಬಾನೆಟ್ ಎತ್ತಿ, ಒಂದು ಚಪ್ಪಟೆ ಡಬ್ಬಿ ಬಿಚ್ಚಿ ಅಲ್ಲಾಡಿಸಿದ. ನೀರು ತೊಟ್ಟಿಕ್ಕಿತು.

"ಅಜ್ಜಿ, ಇದು ಇಸಿಎಂ. ಕಾರಿನ ಮಿದುಳು. ನೀವು ಇದಕ್ಕೂ ತಲೆಸ್ನಾನ ಮಾಡ್ಸೀರಲ್ರಿ."

"ಮಳೇಲಿ ಓಡೋ ಕಾರು ನೀರು ತಡೀಬ್ಯಾಡ್ವೇನು?"

"ಮಳೆ ಮ್ಯಾಲಿಂದ ಬರ್ತೈತಿ. ನೀವು ಹೊಟ್ಟೆಗೇ ಪೈಪು ಇಟ್ಟೀರಿ" ಎಂದು, ನಾನು ಸಾರಿಸಿದ್ದ ಅಂಗಳಕ್ಕೇ ಉಗುಳಿದ.

"ಇನ್ನೊಂದ್ಸಲ ಇಲ್ಲಿ ಉಗುಳಿದ್ರೆ ನಾಲಿಗೆ ಕೀಳ್ತೀನಿ" ಎಂದೆ.

ಸೋಮವಾರ ಕಾರು ಬರದಿದ್ದರೆ ಬೇರೆ ವ್ಯಾನು ಗೊತ್ತು ಮಾಡುತ್ತೇವೆ ಎಂದು ಮಕ್ಕಳ ಮನೆಯವರು ಹೇಳಿಬಿಟ್ಟಿದ್ದರು. ಭಾನುವಾರ ಬೆಳಿಗ್ಗೆ ರುದ್ರೇಶಿ ಗುಜರಿ ಕಾರಿನದೊಂದು ಡಬ್ಬಿ ತಂದ. ಅದರೊಳಗೆ ಆ ಕಾರಿನದೇ ನಂಬರು ಇತ್ತು. ಅಳಿಸಿ ನಮ್ಮದನ್ನು ಬರೆಯಬೇಕು, ನಮ್ಮ ಕೀಲಿಕೈಯ ಗುರುತು ಕಲಿಸಬೇಕು.

"ಸೊಸೆಗೆ ತವರು ಮರೆಸಿ ನಿಮ್ಮ ಮನೇರ ಹೆಸರು ಕಲಿಸ್ಬೇಕು ಅಜ್ಜಿ" ಎಂದ.

ಕಾರಿನ ಬ್ಯಾಟರಿ ಬಲ ಸಾಲದೆಂದು ಜಗಲಿಯ ಪ್ಲಗ್ಗಿನಿಂದ ಅಂಗಳಕ್ಕೆ ಅಡ್ಡಲಾಗಿ ವೈರು ಎಳೆದು ಚಾರ್ಜರ್ ಕೊಟ್ಟ. ಬಾಯಿ ತುಂಬ ಗುಟ್ಕಾ ಹಾಕಿಕೊಂಡು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಸೀಟಿನಲ್ಲಿ ಕೂತ. ನಾನು ಅವನ ಹಳೆಯ ಉಗುಳಿನ ಕಲೆ ತಿಕ್ಕಲು ಬಕೆಟ್ಟು, ಪೊರಕೆ ಹಿಡಿದು ಬಂದೆ. ವೈರು ಅಡ್ಡವಾಯಿತು. ಪ್ಲಗ್ ಕೀಳಲು ಕೈ ಚಾಚಿದೆ.

ಕಾರಿನೊಳಗಿಂದ "ಊಂ ಊಂ" ಎಂದ. ನಾನು ಲೆಕ್ಕಿಸಲಿಲ್ಲ. ಕಿಟಕಿಯಿಂದ ಉಗುಳಿ ಕೂಗಬಹುದಿತ್ತು. ಉಗುಳಲಿಲ್ಲ. ಬಾಯಲ್ಲಿದ್ದಷ್ಟನ್ನೂ ಗಟಕ್ಕನೆ ನುಂಗಿದ.

"ಮುಟ್ಟಬ್ಯಾಡ್ರಿ ಅಜ್ಜಿ. ಅರ್ಧ ಬರ್ದೈತಿ. ಈಗ ಕರೆಂಟು ಹೋದ್ರೆ ಈ ಡಬ್ಬಿನೂ ಸತ್ತಂಗೆ. ಇನ್ನೊಂದು ಸಿಗಂಗಿಲ್ಲ."

ಕೈ ಹಿಂದಕ್ಕೆ ತೆಗೆದೆ.

ಕಾರು ಸ್ಟಾರ್ಟ್ ಆಯಿತು. ಗಿರಿಜೆ ಓಡಿ ಬಂದು ಒಳಗೆ ಕೂತು ಸ್ಟೇರಿಂಗಿಗೆ ಹಣೆ ಹಚ್ಚಿದಳು. ರುದ್ರೇಶಿ ಬೇಲಿಯಾಚೆ ಬಗ್ಗಿ ಕರುಳು ಕಿತ್ತು ಬರುವಂತೆ ಕಾರಿಕೊಂಡ. ಹೇಸಿಗೆಯಾಗಿ ನಾನು ಮುಖ ತಿರುಗಿಸಿಕೊಂಡೇ ಮಜ್ಜಿಗೆ ಕೊಟ್ಟೆ.

ರುದ್ರೇಶಿ ಹೋದ ವರ್ಷ ತೀರಿಕೊಂಡ. ಅದಕ್ಕೆ ಮೂರು ತಿಂಗಳು ಮೊದಲು ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ, ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟವನು. ಕೆನ್ನೆಗೆ ಬಟ್ಟೆ ಕಟ್ಟಿತ್ತು. ದವಡೆ ಬಿಗಿದು ಬಾಯಿ ಒಂದು ಬೆರಳಗಲವೂ ತೆರೆಯುತ್ತಿರಲಿಲ್ಲ. ಕೊಳೆತ ವಾಸನೆ. ಸೆರಗನ್ನು ಮೂಗಿಗೆ ಹಿಡಿದೇ ಕೇಳಿದೆ.

"ಬಿಡು ಅಂತ ನಿನಗೆ ಒಬ್ರೂ ಹೇಳ್ಲಿಲ್ವೇನೋ?"

ಹಲ್ಲಿನ ಸಂದಿಯಿಂದ ಮಾತು ಬಂತು.

"ಇಲ್ಲಿ ಉಗುಳಬ್ಯಾಡ ಅಂತ ಎಲ್ರೂ ಹೇಳಿದ್ರು ಅಜ್ಜಿ. ತಿನ್ನಬ್ಯಾಡ ಅಂತ ಯಾರೂ ಹೇಳ್ಲಿಲ್ಲ."