ಹೇಂಟೆ ಎಂದು ಕೊಟ್ಟ ಹುಂಜಗಳು

ನನ್ನ ಕಿರಿಯ ಮಗಳು ಹುಟ್ಟಿದಾಗಿನಿಂದಲೂ ಸಣಕಲಿ. ದಿನಕ್ಕೊಂದು ಮೊಟ್ಟೆ ಕೊಡಿ ಎಂದು ಮೂಡಿಗೆರೆಯ ಡಾಕ್ಟರು ಹೇಳಿದ ಮೇಲೆ, ನಾವೇ ನಾಲ್ಕು ನಾಟಿ ಕೋಳಿ ಸಾಕಿದರೆ ಹೇಗೆ ಎಂಬ ಆಸೆ ನನಗೆ ಹುಟ್ಟಿತು. ಚಿಕ್ಕಮಗಳೂರು ಪೇಟೆಯಲ್ಲಿ ಬೆಳೆದ ನನಗೆ ಕೋಳಿಯ ವಿಷಯ ಏನೇನೂ ಗೊತ್ತಿರಲಿಲ್ಲ. ಮದುವೆಯಾಗಿ ಜಾವಳಿ ಕಡೆಯ ಈ ತೋಟಕ್ಕೆ ಬಂದು ಇಷ್ಟು ವರ್ಷವಾದರೂ ಕೋಳಿ ಸಾಕುವುದು ನನ್ನ ಓರಗಿತ್ತಿಯ ಕೆಲಸವಾಗಿತ್ತು. ಅಣ್ಣ ತಮ್ಮ ಪಾಲಾಗಿ ಬೇರೆ ಬೇರೆ ಮನೆ ಕಟ್ಟಿಕೊಂಡಿದ್ದರೂ ನಡುವೆ ಇರುವುದು ಕಾಫಿ ಒಣಗಿಸುವ ಒಂದು ಕಣ ಅಷ್ಟೇ. ಅವಳ ಗೂಡಿನಲ್ಲಿ ಯಾವಾಗಲೂ ಮರಿಗಳಿರುತ್ತಿದ್ದವು.

ದೀಪಾವಳಿ ಕಳೆದ ವಾರ ಹೋಗಿ ಕೇಳಿದೆ. "ಹೇಂಟೆ ಮರಿಯೇ ಬೇಕು ಅಕ್ಕ, ಮೊಟ್ಟೆಗೆ" ಎಂದು ಬಿಡಿಸಿ ಹೇಳಿದೆ. ಮರಿಗಳಿಗೆ ಆಗ ಒಂದೂವರೆ ತಿಂಗಳು. ಅವಳು ಗೂಡಿನೊಳಗೆ ಕೈಹಾಕಿ ಒಂದೊಂದನ್ನೇ ಎತ್ತಿದಳು. ತಲೆ ನೋಡಿದಳು, ಕಾಲು ಹಿಡಿದು ನೋಡಿದಳು. ಕೆಲವನ್ನು ವಾಪಸ್ ಬಿಟ್ಟಳು, ಕೆಲವನ್ನು ನನ್ನ ಬುಟ್ಟಿಗೆ ಹಾಕಿದಳು.

"ಎಲ್ಲಾ ಹ್ಯಾಟೆನೇ ಕಣೆ. ನೋಡಿ ನೋಡಿ ಹಾಕಿದ್ದೀನಿ. ಯುಗಾದಿ ಹೊತ್ತಿಗೆ ಮೊಟ್ಟೆ ಶುರುವಾಗ್ತದೆ."

ಮಕ್ಕಳಿಬ್ಬರೂ ಆ ಬುಟ್ಟಿಯನ್ನು ಇಬ್ಬದಿಯಲ್ಲಿ ಹಿಡಿದು ಕಣ ದಾಟಿ ತಂದರು.

ನಮ್ಮ ಜೊತೆಗಿರುವ ಅತ್ತೆಗೆ ಮಂಡಿನೋವು. ಹಿತ್ತಲಿಗೆ ಇಳಿಯುವುದು ಅಪರೂಪ. ಸ್ವಲ್ಪ ದಿನದ ಮೇಲೆ ಬಿಸಿಲು ಕಾಯಲೆಂದು ಬಂದು ಕೂತವರು ಮರಿಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ಒಂದನ್ನು ಹಿಡಿದು ತರಲು ಹೇಳಿ ತೊಡೆಯ ಮೇಲಿಟ್ಟುಕೊಂಡರು.

"ಅಯ್ಯೋ ಮಾರಾಯ್ತಿ, ಇದು ಹುಂಜ! ಜುಟ್ಟು ನೋಡು ಎಷ್ಟು ಕೆಂಪಾಗದೆ. ಹ್ಯಾಟೆದಾದ್ರೆ ಈ ವಯಸ್ಸಿಗೆ ಸಣ್ಣಕ್ಕೆ, ಹಳದಿ ಹಳದಿ ಇರ್ತದೆ. ಕಾಲು ನೋಡು, ಹೆಂಗೆ ದಪ್ಪ. ಅಗೋ, ಆ ಎರಡು ಎದೆ ಸೆಟೆಸ್ಕೊಂಡು ಎದುರುಬದುರು ನಿಂತಾವೆ. ಎಲ್ಲಾ ಹುಂಜಾನೇ."

"ಅಕ್ಕಂಗೆ ಗೊತ್ತಾಗಿಲ್ವೇನೋ ಅತ್ತೆ" ಎಂದೆ.

"ಅವಳಿಗಾ? ಅವಳು ಕಣ್ಣು ಮುಚ್ಚಿ ಮುಟ್ಟಿದ್ರೂ ಹೇಳ್ತಾಳೆ."

ಆಗಲೂ ನಾನು ನಂಬಲಿಲ್ಲ. ಕಾಫಿ ಹಣ್ಣಿನ ಕೊಯ್ಲಿನ ಸಮಯಕ್ಕೆ ಮರಿಗಳು ಬೆಳೆದು, ಗಂಟಲು ಒಡೆದ ಹುಡುಗರ ಹಾಗೆ ಅರ್ಧಂಬರ್ಧ ಕೂಗಲು ಶುರುಮಾಡಿದವು. ಆ ದಿನ ಕಣದಲ್ಲಿ ನೆರೆಮನೆಯ ಹೆಂಗಸರೂ ಇದ್ದರು. ನನ್ನ ದೊಡ್ಡ ಮಗಳು ಅವರಿಗೆ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ನಾನು ನಗುನಗುತ್ತಲೇ, "ಏನಕ್ಕ, ನಿಮ್ಮ ಹೇಂಟೆಗಳು ಕೂಗ್ತಿವೆಯಲ್ಲ" ಎಂದೆ.

ಓರಗಿತ್ತಿ ಕಾಫಿ ಹಣ್ಣು ಹರಡುವ ಕೈ ನಿಲ್ಲಿಸಲೂ ಇಲ್ಲ. "ಬೇಕೂಂತ್ಲೇ ಕೊಟ್ಟಿದ್ದು ಕಣೆ. ನಿಮ್ಮನೇಲಿ ಹುಟ್ಟೋದೆಲ್ಲಾ ಹೆಣ್ಣು. ಕೋಳಿಯಾದ್ರೂ ಗಂಡಿರ್ಲಿ ಅಂತ."

ಹೆಂಗಸರು ನಕ್ಕರು. ಅವಳಿಗೆ ಇಬ್ಬರು ಗಂಡುಮಕ್ಕಳು. ನನ್ನ ಮಗಳು ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ನಾನೂ ನಕ್ಕೆ. ಏಕೆ ನಕ್ಕೆನೋ ಇವತ್ತಿಗೂ ಗೊತ್ತಿಲ್ಲ.

ಭಾನುವಾರ ಒಂದೊಂದಾಗಿ ಕೊಯ್ದುಬಿಡೋಣ ಎಂದು ನನ್ನ ಗಂಡ ಹೇಳಿದರು. ಮುಟ್ಟಬೇಡಿ ಎಂದೆ. ನುಚ್ಚು, ತೌಡು, ಅನ್ನದ ಗಂಜಿ ಹಾಕಿ ಸಾಕಿದೆ. "ಈ ಹುಂಜಗಳು ಇನ್ನು ನಿಂದೇ" ಎಂದು ದೊಡ್ಡ ಮಗಳಿಗೆ ಹೇಳಿದೆ. ಗೂಡನ್ನು ಓರಗಿತ್ತಿಯ ಮಲಗುವ ಕೋಣೆಯ ಕಿಟಕಿಯ ಕಡೆಗೆ ಹಾಕಿಸಿದೆ. ಬೆಳಕು ಹರಿಯುವ ಮೊದಲೇ ಎಲ್ಲವೂ ಒಟ್ಟಿಗೆ ಕೂಗಿದಾಗ ಆ ಕಿಟಕಿ ಧಡಾರನೆ ಮುಚ್ಚಿಕೊಳ್ಳುತ್ತಿತ್ತು. ಹಾಸಿಗೆಯಲ್ಲಿ ಮಲಗಿಯೇ ಆ ಸದ್ದು ಕೇಳಿ ಮಗ್ಗುಲು ಬದಲಿಸುತ್ತಿದ್ದೆ. ಅಷ್ಟರಿಂದ ನನಗೆ ಸಮಾಧಾನವಾಗಲಿಲ್ಲ. ಏನಕ್ಕಾಗಿ ಕಾಯುತ್ತಿದ್ದೇನೆಂದು ನನಗೇ ಗೊತ್ತಿಲ್ಲದಿದ್ದರೂ ಕಾಯುತ್ತಿದ್ದೆ.

ಮಳೆಗಾಲಕ್ಕೆ ಮುಂಚೆ ತೋಟ ಕಾಯುವ ದೇವತೆ ಚೌಡಿಗೆ ಹುಂಜ ಒಪ್ಪಿಸುವುದು ನಮ್ಮ ಮನೆತನದ ಪದ್ಧತಿ. ಆ ವರ್ಷ ಭಾವನವರ ಮನೆಯ ಸರದಿ. ಓರಗಿತ್ತಿ ಅದಕ್ಕೆಂದೇ ಒಂದು ಕೆಂಪು ಹುಂಜವನ್ನು ಬೆಳೆಸಿದ್ದಳು. ಪೂಜೆಯ ದಿನ ಬೆಳಿಗ್ಗೆ ಗೂಡು ತೆಗೆದರೆ ಬರೀ ಪುಕ್ಕ ಬಿದ್ದಿತ್ತು, ಕಾಡುಬೆಕ್ಕು ನುಗ್ಗಿತ್ತು. ಬೇರೆ ಹುಂಜಗಳನ್ನೆಲ್ಲ ಅವಳು ಆಗಲೇ ನಮ್ಮನೆಗೆ ಕೊಟ್ಟಾಗಿತ್ತು. ಅಷ್ಟರಲ್ಲಿ ಕಳಸದಿಂದ, ಸಂಸೆಯಿಂದ ನೆಂಟರು ಬಂದು ಜಗುಲಿ ತುಂಬಿದ್ದರು. ಪೇಟೆಯಿಂದ ತರಿಸೋಣ ಎಂದು ಭಾವ ಫೋನ್ ಕೈಗೆತ್ತಿಕೊಂಡರೆ ಅತ್ತೆ ಒಪ್ಪಲಿಲ್ಲ. "ಮನೇಲಿ ಬೆಳ್ದಿದ್ದೇ ಆಗ್ಬೇಕು" ಎಂದರು.

ಓರಗಿತ್ತಿ ಕಣ ದಾಟಿ ನಮ್ಮ ಮನೆಗೆ ಬಂದಳು. ಹಿಂದೆ ನೆಂಟರ ಇಬ್ಬರು ಹೆಂಗಸರೂ, ಕುಂಟುತ್ತಾ ಅತ್ತೆಯೂ ಇದ್ದರು.

"ಒಂದು ಹುಂಜ ಕೊಡೇ. ಮಾನ ಹೋಗೋ ಹಂಗಾಗದೆ."

"ನನ್ನದಲ್ಲ ಅಕ್ಕ. ಮಗಳದ್ದು. ಅವಳನ್ನೇ ಕೇಳಿ."

ಓರಗಿತ್ತಿಯ ಮುಖ ಬಿಗಿಯಿತು. ಮಗಳು ಬಾಗಿಲಲ್ಲೇ ನಿಂತಿದ್ದಳು. ಹತ್ತು ವರ್ಷದ ಹುಡುಗಿಯ ಎದುರು ಸೆರಗು ಸರಿಮಾಡಿಕೊಳ್ಳುತ್ತಾ, "ಪುಟ್ಟಿ, ದೊಡ್ಡಮ್ಮಂಗೆ ಒಂದು ಹುಂಜ ಕೊಡ್ತೀಯಾ?" ಎಂದಳು. ಮಗಳು ನನ್ನ ಮುಖ ನೋಡಿದಳು.

"ಕೊಡ್ತಾಳೆ" ಎಂದೆ ನಾನೇ. "ಆದರೆ ಊಟದಲ್ಲಿ ಅದರ ಎರಡು ಕಾಲೂ ನನ್ನ ಹೆಣ್ಣುಮಕ್ಕಳ ಎಲೆಗೆ ಬೀಳಬೇಕು. ನೀವೇ ನಿಮ್ಮ ಕೈಯಾರೆ ಬಡಿಸಬೇಕು."

ಚೌಡಿಗೆ ಒಪ್ಪಿಸಿದ ಹುಂಜದ ಕಾಲು ಯಾವತ್ತೂ ಮನೆಯ ಗಂಡುಹುಡುಗರದ್ದು. ಮದುವೆಯಾದಾಗಿನಿಂದ ನಾನು ನೋಡಿದ್ದು ಅದೇ. ನನ್ನ ಮಕ್ಕಳ ಎಲೆಗೆ ಕುತ್ತಿಗೆ, ರೆಕ್ಕೆಯ ತುಂಡು ಬೀಳುತ್ತಿದ್ದವು.

"ಅದೆಂಥ ಮಾತೇ? ಪದ್ಧತಿ ಅಂತ ಒಂದದೆ..."

"ಹಾಗಾದ್ರೆ ಬೇಡ ಬಿಡಿ ಅಕ್ಕ."

ಅವಳು ಅತ್ತೆಯ ಕಡೆ ತಿರುಗಿದಳು. ಅತ್ತೆ ಮಂಡಿ ತಿಕ್ಕಿಕೊಳ್ಳುತ್ತಾ, "ಚೌಡಿ ಹೆಣ್ಣೇ ಅಲ್ವೇನೆ? ಅವಳೇನೂ ಬೇಜಾರು ಮಾಡ್ಕೊಳಲ್ಲ" ಎಂದರು. ನೆಂಟರ ಹೆಂಗಸೊಬ್ಬಳು ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಆಯ್ತು" ಎಂದಳು ಓರಗಿತ್ತಿ.

ಮಗಳು ಇದ್ದುದರಲ್ಲಿ ದೊಡ್ಡ ಹುಂಜವನ್ನೇ ಹಿಡಿದುಕೊಟ್ಟಳು.

ಮಧ್ಯಾಹ್ನ ಓರಗಿತ್ತಿಯ ಮನೆಯ ಅಂಗಳದಲ್ಲಿ ಎಲೆ ಹಾಕಿದರು. ಕಡುಬು, ಸಾರು ಬಂದವು. ನನ್ನ ಮಕ್ಕಳನ್ನು ನೆಂಟರೆಲ್ಲರಿಗೂ ಕಾಣುವ ಹಾಗೆ ಮುಂದಿನ ಸಾಲಿನಲ್ಲಿ ಕೂರಿಸಿ ನಾನು ಪಕ್ಕದಲ್ಲಿ ಕೂತೆ. ಓರಗಿತ್ತಿ ಪಾತ್ರೆ ಹಿಡಿದು ಬಂದಳು. ಅವಳ ಮಗ, "ಅಮ್ಮ, ನಂಗೆ ಕಾಲು" ಎಂದು ಕೈಚಾಚಿದ. ಅವಳು ಅವನ ಎಲೆ ದಾಟಿ ಬಂದು ಬಗ್ಗಿದಳು. ಒಂದು ಕಾಲು ದೊಡ್ಡವಳ ಎಲೆಗೆ, ಇನ್ನೊಂದು ಕಿರಿಯವಳ ಎಲೆಗೆ ಬಿತ್ತು. ಭಾವ ತಲೆತಗ್ಗಿಸಿ ಕಡುಬು ಮುರಿಯುತ್ತಿದ್ದರು.

"ಸಾರೂ ಹಾಕಿ ಅಕ್ಕ, ಮಕ್ಕಳಿಗೆ ಒಣಗ್ತದೆ" ಎಂದೆ.

ಹಾಕಿದಳು. ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಆ ಹೊತ್ತಿನಲ್ಲಿ ನನಗಾದ ಸುಖವನ್ನು ಮುಚ್ಚಿಡಲಾರೆ. ಮಳೆ ಹಿಡಿಯುವವರೆಗೂ ಅವಳು ಮಾತು ಬಿಟ್ಟಾಗಲೂ ಅದು ಕಡಿಮೆಯಾಗಲಿಲ್ಲ.

ದೊಡ್ಡವಳು ತನ್ನದನ್ನು ತಿಂದು ಮುಗಿಸಿದಳು. ಕಿರಿಯವಳು ಎರಡು ಸಲ ಕಚ್ಚಿ, ಹೊಟ್ಟೆ ತುಂಬಿತು ಎಂದು ಎಲೆಯ ಅಂಚಿಗೆ ಸರಿಸಿದಳು. ಓರಗಿತ್ತಿ ಅಡುಗೆಮನೆಯ ಬಾಗಿಲಿಂದ ಅದನ್ನೇ ನೋಡುತ್ತಿದ್ದಳು. ನಾನು ಅದನ್ನೆತ್ತಿಕೊಂಡು, ಅವಳ ಕಡೆಗೇ ತಿರುಗಿ ಕೂತು, ಮೂಳೆ ಬಿಳಿಯಾಗುವವರೆಗೂ ತಿಂದೆ.