ತಿರುಗಿ ಬರುವ ನೀರು ಮತ್ತು ನಮ್ಮ ಲಕ್ಷ್ಮಯ್ಯ ಮೇಷ್ಟ್ರು

ರಾಮನಗರದ ಗೂಡಿನ ಮಾರುಕಟ್ಟೆಯ ಸುತ್ತಮುತ್ತ ಬಾಯ್ಲರ್ ಇಟ್ಟುಕೊಂಡು ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಯಾವುದಕ್ಕೆ ಬೇಕಾದರೂ ಹೋಗಿ, ಒಲೆಯ ಮುಂದೆ ನಿಂತ ಕೆಲಸಗಾರನನ್ನು ಈ ವಿದ್ಯೆ ಕಲಿಸಿದವರು ಯಾರೆಂದು ಕೇಳಿದರೆ, ಹತ್ತರಲ್ಲಿ ಏಳು ಮಂದಿ ಶ್ರೀ ಲಕ್ಷ್ಮಯ್ಯನವರ ಹೆಸರು ಹೇಳುತ್ತಾರೆ. ಉಳಿದ ಮೂವರು ಅವರಿಂದ ಬೈಸಿಕೊಂಡು ತರಗತಿ ಬಿಟ್ಟವರು. ಆವಿಯನ್ನು ಹಿಡಿತದಲ್ಲಿಟ್ಟುಕೊಂಡು ದುಡಿಸುವ ಕೆಲಸವನ್ನು ಈ ಸೀಮೆಗೆ ಶಿಸ್ತಾಗಿ ಕಲಿಸಿದ ಈ ಹಿರಿಯರು ಮೂವತ್ತಾರು ವರ್ಷಗಳ ಸೇವೆ ಮುಗಿಸಿ ನಿವೃತ್ತರಾಗುತ್ತಿದ್ದಾರೆ. ಹೊಗಳಿಕೆ ಶುರುವಾದ ಕೂಡಲೇ ಎದ್ದು ಹೋಗುವುದು ಅವರ ಅಭ್ಯಾಸ. ಆದ್ದರಿಂದ ಸಹೋದ್ಯೋಗಿಗಳಾದ ನಾವು ಅವರು ಮಾಡಿದ ಒಂದು ತಪ್ಪನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ. ಇದನ್ನಾದರೂ ಕೊನೆಯತನಕ ಓದುತ್ತಾರೆಂಬ ಆಸೆ ನಮ್ಮದು.

ದೊಡ್ಡಆಲಹಳ್ಳಿಯ ಬೇಸಾಯದ ಮನೆಯಲ್ಲಿ ಹುಟ್ಟಿದ ಲಕ್ಷ್ಮಯ್ಯನವರು ೧೯೮೯ರಲ್ಲಿ ನಮ್ಮ ಬಾಯ್ಲರ್ ತರಬೇತಿ ಶಾಲೆಗೆ ಮೇಷ್ಟ್ರಾಗಿ ಬಂದಾಗ ಕೈಯಲ್ಲೊಂದು ಬಿದಿರು ಕೋಲಿತ್ತು. ಬೆರಳಗಲಕ್ಕೆ ಒಂದರಂತೆ ಗೀರು ಹಾಕಿದ್ದ ಆ ಕೋಲನ್ನು ಟ್ಯಾಂಕಿಗೆ ಇಳಿಸಿ, ಒದ್ದೆಯಾದಷ್ಟನ್ನು ಎಣಿಸಿ, ನೀರೆಷ್ಟು ಖರ್ಚಾಯಿತೆಂದು ಹೇಳುತ್ತಿದ್ದರು. ಮೀಟರುಗಳು ಬಂದ ಮೇಲೂ ಕೋಲು ಹೋಗಲಿಲ್ಲ. ಮರಳವಾಡಿ ಕಡೆಯ ವಿದ್ಯಾರ್ಥಿಗಳಿಗೆ ಕೊನೆಯ ಬಸ್ಸು ತಪ್ಪಿದರೆ ಅವರ ಮನೆಯಲ್ಲೇ ಊಟ, ಅವರ ಮನೆಯಲ್ಲೇ ಚಾಪೆ. ೨೦೧೨ರಲ್ಲಿ, ನೂಲು ತೆಗೆಯುವ ರೀಲಿಂಗ್ ಕಾರ್ಖಾನೆ ನಡೆಸುವವರ ಮಗಳು ಮಹ್ವಿಶ್ ತರಗತಿಗೆ ಸೇರಿದ ಮೊದಲ ಹುಡುಗಿಯಾಗಿ ಬಂದಾಗ ಒಲೆಯ ಮುಂದೆ ಹೆಣ್ಣುಮಗಳೇ ಎಂದು ಮೂಗು ಮುರಿದವರು ಬಹಳ. ಮೇಷ್ಟ್ರು ಯಾರ ಜೊತೆಗೂ ವಾದಕ್ಕಿಳಿಯದೆ ಆಕೆಯ ಕೈಗೆ ಕೋಲು ಕೊಟ್ಟು ಟ್ಯಾಂಕಿನ ಏಣಿ ತೋರಿಸಿದರು. ಆಕೆಯ ಪರೀಕ್ಷೆಯ ದಿನ ಬೆಳಿಗ್ಗೆಯಿಂದ ಸಂಜೆ ನಾಲ್ಕರವರೆಗೆ ಊಟ ಬಿಟ್ಟು ಹೊರಗಿನ ಹೊಂಗೆ ಮರದ ಕೆಳಗೆ ಕಾದು ಕುಳಿತಿದ್ದರು.

ಮಹ್ವಿಶ್ ಮುಂದೆ ಕಂಪ್ಯೂಟರ್ ಆಟಗಳನ್ನು ಕಟ್ಟುವ ಕೆಲಸ ಹಿಡಿದಳು. ಚನ್ನಪಟ್ಟಣದ ಬೊಂಬೆ ಅಂಗಡಿಯೊಂದರ ಮಹಡಿಯಲ್ಲಿ ಗೆಳೆಯ ಶಿವಕುಮಾರ್ ಜೊತೆ ಎರಡು ವರ್ಷ ಕುಳಿತು ಉಗಿಬಂಡಿ ಓಡಿಸುವ ಆಟವೊಂದನ್ನು ಸಿದ್ಧಪಡಿಸಿದಳು. ದೊಡ್ಡಆಲಹಳ್ಳಿಯಿಂದ ಹೊರಟು ಕನಕಪುರ, ರಾಮನಗರ, ಮಾಗಡಿಗಳನ್ನು ಹಾದು ಸೋಲೂರು ಮುಟ್ಟುವ, ಯಾರೂ ಎಂದೂ ಹಳಿ ಹಾಕದ ದಾರಿ ಅದು. ಸೌದೆ ಉರಿಸುವ ಪುಟ್ಟ ಎಂಜಿನ್ನು. ಅದರ ಹೊಟ್ಟೆಯಲ್ಲಿ ಮೂರು ಸಾವಿರ ಲೀಟರ್ ನೀರು. ಸೌದೆ, ನೀರು ಎರಡರ ಖರ್ಚೂ ನಿಜದ ಅಳತೆಯದೆಂದು ಆಕೆ ಎಲ್ಲರೆದುರು ಮಾತು ಕೊಟ್ಟಿದ್ದಳು. ಉಗಿಬಂಡಿ ಓಡಿಸಿ ನಿವೃತ್ತರಾದ ಎಂಬತ್ತನಾಲ್ಕರ ಜಬ್ಬಾರ್ ಸಾಹೇಬರು ಒಪ್ಪದೆ ಆಟ ಹೊರಬರುವುದಿಲ್ಲ ಎಂದೂ ಹೇಳಿಬಿಟ್ಟಿದ್ದಳು. ಬಿಡುಗಡೆಯ ದಿನವೂ ಗೊತ್ತಾಗಿತ್ತು.

ಅಳತೆ ಕೊಟ್ಟವರು ನಮ್ಮ ಮೇಷ್ಟ್ರು. ಮಹ್ವಿಶ್ ತಂದೆಯ ಕಾರ್ಖಾನೆಯಲ್ಲಿ ಮೂರು ವಾರ ನಿಂತು, ಒಲೆಗೆ ಹಾಕುವ ಸೌದೆಯನ್ನೆಲ್ಲ ತೂಗಿಸಿ, ಟ್ಯಾಂಕಿಗೆ ಬೆಳಿಗ್ಗೆ ಸಂಜೆ ಕೋಲು ಇಳಿಸಿ, ಇಷ್ಟು ಸೌದೆಗೆ ಇಷ್ಟು ನೀರೆಂದು ಬರೆದುಕೊಟ್ಟರು.

ಆಟದ ಪರೀಕ್ಷೆಯ ದಿನ ಜಬ್ಬಾರ್ ಸಾಹೇಬರು, ಚನ್ನಪಟ್ಟಣದ ಬೊಂಬೆಯವರು ಕಡೆದು ಅರಗಿನ ಬಣ್ಣ ಹಚ್ಚಿದ್ದ, ಬಂಡಿ ಓಡಿಸುವ ಮರದ ಹಿಡಿಗಳನ್ನು ಹಿಡಿದು ಪರದೆಯ ಮುಂದೆ ಕುಳಿತರು. ಬಂಡಿ ಕನಕಪುರ ದಾಟಿತು, ರಾಮನಗರ ದಾಟಿತು, ಮಾಗಡಿಯ ಏರು ಹತ್ತಿ ಸೋಲೂರಲ್ಲಿ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

"ಸೌದೆ ಸರಿಯಾಗೇ ತಿಂದೈತೆ ಕಣಮ್ಮ. ನೀರು ಮಾತ್ರ ಎಲ್ಲೂ ಕೇಳ್ಲಿಲ್ಲ. ಇಂಥ ಎಂಜಿನ್ನು ನನ್ನ ಸರ್ವೀಸಲ್ಲಿ ಒಂದೂ ಸಿಗಲಿಲ್ಲ," ಎಂದರು.

ಒಪ್ಪಿಗೆ ಸಿಗಲಿಲ್ಲ. ಬಿಡುಗಡೆಗೆ ಉಳಿದಿದ್ದು ಹನ್ನೆರಡು ದಿನ. ನೀರನ್ನು ಅಳೆದು ಆಡುವವರು ಯಾರಿದ್ದಾರೆ, ಹೀಗೇ ಬಿಟ್ಟುಬಿಡೋಣ ಎಂದು ಶಿವಕುಮಾರ್ ಹೇಳಿದ್ದಕ್ಕೆ ಮಹ್ವಿಶ್ ಒಪ್ಪಲಿಲ್ಲ. ಕೊಟ್ಟ ಮಾತು ಸುಳ್ಳಾದರೆ ಎರಡು ವರ್ಷದ ದುಡಿಮೆಯೂ ಸುಳ್ಳೇ ಎಂಬುದು ಆಕೆಯ ಹಟ. ತಪ್ಪು ತನ್ನ ಪ್ರೋಗ್ರಾಮಿನಲ್ಲೇ ಇರಬೇಕೆಂದು ಎರಡು ದಿನ ಸಾಲು ಸಾಲಾಗಿ ಹುಡುಕಿದಳು. ಮೇಷ್ಟ್ರಿಗೂ ಹಾಗೇ ಅನ್ನಿಸಿತ್ತು. ಮೂವತ್ತಾರು ವರ್ಷದ ಕೋಲು ಸುಳ್ಳು ಹೇಳುವುದಿಲ್ಲ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಸ್ವಲ್ಪ ಬಿರುಸಾಗಿಯೇ ಹೇಳಿದ್ದರು. ಆ ಎರಡು ದಿನ ಅವರ ಟೀಗೆ ಯಾರು ಸಕ್ಕರೆ ಹಾಕಿದರೂ ಕಹಿಯೇ.

ಮೂರನೆಯ ದಿನ ಬೆಳಿಗ್ಗೆ ಅದೇ ಕಾರ್ಖಾನೆಗೆ ಹೋಗಿ ಟ್ಯಾಂಕಿನ ಏಣಿ ಹತ್ತಿದರು. ಕೋಲು ಇಳಿಸಲು ಬಗ್ಗಿದಾಗ ಮೊಣಕೈ ಮೇಲೆ ಬಿಸಿನೀರು ಬಿತ್ತು. ಸಣ್ಣ ಪೈಪೊಂದು ಟ್ಯಾಂಕಿನೊಳಕ್ಕೆ ಬಾಯಿ ಇಟ್ಟು ಸುರಿಯುತ್ತಿತ್ತು. ಗೂಡು ಬೇಯಿಸುವ ಕೆಲಸ ಮುಗಿಸಿದ ಆವಿ ತಣಿದು ನೀರಾಗಿ ಮತ್ತೆ ಟ್ಯಾಂಕಿಗೇ ಬರುವ ಪೈಪು ಅದು. ಸೌದೆ ಉಳಿಯಬೇಕಾದರೆ ಈ ಪೈಪು ಇರಲೇಬೇಕೆಂದು ಊರಿಗೆಲ್ಲ ಬೋಧಿಸಿದವರೂ ಅವರೇ, ಈ ಕಾರ್ಖಾನೆಗೆ ನಿಂತು ಹಾಕಿಸಿದವರೂ ಅವರೇ. ಕೋಲು ತೋರಿಸಿದ್ದು ಟ್ಯಾಂಕಿನಲ್ಲಿ ಕಡಿಮೆಯಾದ ನೀರನ್ನೇ ಹೊರತು ಬಾಯ್ಲರ್ ಕುಡಿದ ನೀರನ್ನಲ್ಲ. ಉಗಿಬಂಡಿಯಾದರೋ ಆವಿಯನ್ನೆಲ್ಲ ಚಿಮಣಿಯಲ್ಲಿ ಊದಿಬಿಡುತ್ತದೆ, ಹನಿಯೂ ತಿರುಗಿ ಬರುವುದಿಲ್ಲ.

ಅಂಕಿಯನ್ನು ಸದ್ದಿಲ್ಲದೆ ತಿದ್ದಿ ಕಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ; ತಪ್ಪು ಪ್ರೋಗ್ರಾಮಿನದೆಂದೇ ಉಳಿದುಹೋಗುತ್ತಿತ್ತು. ಅವರು ಚನ್ನಪಟ್ಟಣದ ಬಸ್ಸು ಹತ್ತಿದರು. ಮಹಡಿ ಏರಿ, ಕೆಲಸ ಮಾಡುತ್ತಿದ್ದ ಎಲ್ಲರೆದುರು ನಿಂತು ಮಹ್ವಿಶ್‌ಗೆ ಹೇಳಿದರು:

"ನಿನ್ನ ಲೆಕ್ಕ ಸರಿಯಾಗೈತೆ ಕಣಮ್ಮ. ತಪ್ಪು ನಂದು. ತಿರುಗಿ ಬರೋ ನೀರನ್ನ ನಾನು ಎಣಿಸಲೇ ಇಲ್ಲ."

ಅಲ್ಲಿಂದಲೇ ಜಬ್ಬಾರ್ ಸಾಹೇಬರಿಗೂ ಫೋನು ಮಾಡಿ ಅದೇ ಮಾತು ಹೇಳಿದರು. ಮಾರನೆಯ ದಿನದಿಂದ ಐದು ದಿನ, ಆ ಪೈಪಿನ ಬಾಯಿಯನ್ನು ಡ್ರಮ್ಮಿಗೆ ತಿರುಗಿಸಿ ಮತ್ತೆ ಅಳೆದರು. ಬಾಯ್ಲರ್ ಕುಡಿಯುತ್ತಿದ್ದುದು ಮೊದಲು ಬರೆದುಕೊಟ್ಟಿದ್ದರ ಮೂರರಷ್ಟು. ಮಹ್ವಿಶ್ ಆ ಹೊಸ ಅಂಕಿಯನ್ನು ಆಟಕ್ಕೆ ಹಾಕಿದಳು.

ಎರಡನೆಯ ಪರೀಕ್ಷೆಗೆ ಸಾಹೇಬರು ಒಂದು ಷರತ್ತು ಹಾಕಿದರು: ಬಂಡಿ ತಾನು ಓಡಿಸುವುದು, ಸೌದೆ ಮೇಷ್ಟ್ರು ಹಾಕುವುದು. ರಾಮನಗರದಲ್ಲಿ ನೀರು ತುಂಬಿಕೊಂಡು ಮಾಗಡಿಯ ಏರಿಗೆ ಹೊರಟರು. ಮೇಷ್ಟ್ರು ಉತ್ಸಾಹದಲ್ಲಿ ಸೌದೆ ತುರುಕಿದ್ದೇ ತುರುಕಿದ್ದು. ಒತ್ತಡ ಮಿತಿಮೀರಿ ಎಂಜಿನ್ ನೆತ್ತಿಯ ಕವಾಟದಿಂದ ಆವಿ ಬುಸುಗುಟ್ಟತೊಡಗಿತು.

"ಒಸಿ ನಿಲ್ಲಿಸಿ ಮೇಷ್ಟ್ರೇ. ಮೇಲೆ ಬುಸ್ ಅಂತಾ ಐತಲ್ಲ, ಅದು ನಮ್ಮ ನೀರು," ಎಂದರು ಸಾಹೇಬರು.

ಊರಿಗೆ ಪಾಠ ಹೇಳಿದ ಲಕ್ಷ್ಮಯ್ಯನವರು ಅಂದು ವಿಧೇಯ ವಿದ್ಯಾರ್ಥಿಯಾದರು. ಸಣ್ಣ ಸಣ್ಣ ಸೀಳುಗಳನ್ನು ಹೊತ್ತು ನೋಡಿ ಹಾಕಿದರು. ಬಲಗಡೆ ಸಾವನದುರ್ಗ ಹಿಂದೆ ಸರಿಯುವ ಹೊತ್ತಿಗೆ ನೀರು ಕಾಲು ಭಾಗಕ್ಕೆ ಇಳಿದಿತ್ತು. ಮಹ್ವಿಶ್ ಪರದೆ ನೋಡಲಾರದೆ ಕಿಟಕಿಯ ಕಡೆ ತಿರುಗಿ ನಿಂತಳು. ಬಂಡಿ ಮಾಗಡಿಯಲ್ಲಿ ಎಂಜಿನ್ನಿಗೆ ನೀರು ತುಂಬುವ ಕಂಬದ ಕೆಳಗೆ ಬಂದು ನಿಂತಾಗ ಟ್ಯಾಂಕಿನಲ್ಲಿ ಉಳಿದಿದ್ದುದು ನಾಲ್ಕು ಬೆರಳು ನೀರು. ಸಾಹೇಬರು ಈ ಸಲ ಕುರ್ಚಿ ಬಿಟ್ಟು ಎದ್ದು ಮೇಷ್ಟ್ರನ್ನು ಅಪ್ಪಿಕೊಂಡರು.

"ಇವತ್ತು ಗಾಡಿಗೆ ದಾಹ ಆಯ್ತು ನೋಡಿ," ಎಂದು ಹೇಳಿ ಒಪ್ಪಿಗೆಯ ಹಾಳೆಗೆ ಸಹಿ ಹಾಕಿದರು.

ಆಟ ಹೇಳಿದ ದಿನವೇ ಹೊರಬಂತು. ಮೊದಲ ವಾರದಲ್ಲಿ ನಾನಾ ದೇಶಗಳ ಸಾವಿರಾರು ಮಂದಿ ರಾಮನಗರ ಮಾಗಡಿಗಳ ನಡುವೆ ನೀರು ಮುಗಿಸಿಕೊಂಡು ನಿಂತು, ಬೈದು, ಮತ್ತೆ ಹೊರಟು, ಕೊನೆಗೆ ಗೆದ್ದೆವೆಂದು ಹೆಮ್ಮೆಯಿಂದ ಬರೆದರು. ಸಾಕ್ಷಾತ್ ಮಾಗಡಿಯವರೊಬ್ಬರು ನಾಲ್ಕನೆಯ ಸಲಕ್ಕೆ ನಮ್ಮೂರು ಸೇರಿದೆ ಎಂದು ಬರೆದಿದ್ದನ್ನು ಮೇಷ್ಟ್ರು ನಮಗೆಲ್ಲ ಓದಿ ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಅಷ್ಟು ನಕ್ಕಿದ್ದನ್ನು ನಾವು ಹಿಂದೆಂದೂ ಕಂಡಿರಲಿಲ್ಲ.

ತಪ್ಪನ್ನು ಒಪ್ಪಿಕೊಂಡು ಇಷ್ಟು ದೊಡ್ಡವರಾದ ಇನ್ನೊಬ್ಬರನ್ನು ನಾವು ಕಾಣೆವು. ನೂರು ತುಂಬುವವರೆಗೂ ಏಣಿ ಹತ್ತುವ ಮೊಣಕಾಲನ್ನೂ ಗೀರು ಎಣಿಸುವ ಕಣ್ಣನ್ನೂ ದೇವರು ಅವರಿಗೆ ಕೊಡಲಿ. ಅವರು ಬೈದು ತಿದ್ದಲು ಶಿಷ್ಯರ ಕೊರತೆ ಎಂದೂ ಆಗದಿರಲಿ. ವಿಶ್ರಾಂತಿ ದೊರಕಲಿ ಎಂದು ಮಾತ್ರ ನಾವು ಹಾರೈಸುವುದಿಲ್ಲ, ಅದಕ್ಕೆ ಕಾರಣವಿದೆ. ಕಳೆದ ವಾರ ಅವರು ಆ ಬಿದಿರು ಕೋಲನ್ನು, ಇನ್ನು ತನಗೇಕೆ ಎಂದು, ಮಹ್ವಿಶ್ ಕೈಗೆ ಕೊಡಲು ಹೋದರು. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ತಿರುಗಿ ಅವರಿಗೇ ಕೊಟ್ಟಳು.

"ಮುಂದಿನ ಆಟದ ಎಂಜಿನ್ನು ಕಲ್ಲಿದ್ದಲಿಂದು ಸಾರ್. ಅದ್ರಲ್ಲಿ ನೀವಿನ್ನೂ ಒಂದು ತಪ್ಪೂ ಮಾಡಿಲ್ಲ."

ಮೇಷ್ಟ್ರು ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು, ಸೋಮವಾರ ಎಷ್ಟು ಗಂಟೆಗೆ ಬರಬೇಕೆಂದು ಕೇಳಿದರು.