ಕಿಟಕಿಯಲ್ಲಿಟ್ಟ ಬೆಳ್ಳಿ ಗಾಜು

ಅಕ್ಕನ ಉಸಿರಿಗೆ ಸಿಳ್ಳು ಮೊದಲು ಹತ್ತಿತೋ, ಗಾಜಿನ ಬಣ್ಣ ಮೊದಲು ಕೆಟ್ಟಿತೋ ಎಂದು ಯಾರಾದರೂ ಕೇಳಿದರೆ ಸಿಳ್ಳು ಎನ್ನುತ್ತೇನೆ. ಹಾಗೆ ಹೇಳಿದರೆ ಕೇಳುವವರಿಗೆ ಅನುಕೂಲ, ನನಗೂ ಅನುಕೂಲ. ಆದರೆ ಅನುಕೂಲವಾಗಿ ಜೋಡಣೆಯಾದ ನೆನಪನ್ನು ನಾನು ನಂಬುವುದಿಲ್ಲ. ಆದ್ದರಿಂದ ಇಲ್ಲಿ ಎಲ್ಲೆಲ್ಲಿ ಗೊತ್ತಿಲ್ಲವೋ ಅಲ್ಲೆಲ್ಲ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಗೊತ್ತಿರುವುದು ಇಷ್ಟು. ವಿಶಾಖಪಟ್ಟಣದಲ್ಲಿ, ಋಷಿಕೊಂಡದ ಮೇಲಿನ ಗುಡ್ಡದ ಒಂದು ಸಣ್ಣ ಲ್ಯಾಬಿನಲ್ಲಿ ನನ್ನ ಕೆಲಸ. ಗಾಜಿನ ಮೇಲೆ ಸಿಲಿಕಾದ ತೆಳುಪದರ ಬಳಿಯುತ್ತೇವೆ. ಅದರೊಳಗೆ ಬೆಳ್ಳಿಯ ಕಣಗಳು ಹುದುಗಿರುತ್ತವೆ. ಬೆಳ್ಳಿ ಎಂದರೆ ಹೊಳಪು ಎಂದುಕೊಳ್ಳಬೇಡಿ. ಅಷ್ಟು ಸಣ್ಣದಾದ ಬೆಳ್ಳಿಗೆ ಹೊಳಪಿಲ್ಲ. ಅದು ಬೆಳಕಿನ ನೇರಳೆ ಅಂಚನ್ನು ನುಂಗುತ್ತದೆ, ಉಳಿದದ್ದು ನಮಗೆ ಹಳದಿಯಾಗಿ ಕಾಣುತ್ತದೆ. ಕಿಟಕಿಗೆ ಹಿಡಿದರೆ ಅರಿಶಿನದ ನೀರು. ಕಪ್ಪು ಬಟ್ಟೆಯ ಮೇಲಿಟ್ಟು ನೋಡಿದರೆ ಅದೇ ಪದರ ನೀಲಿ. ಹಾಗಾದರೆ ಇದರ ನಿಜವಾದ ಬಣ್ಣ ಯಾವುದು ಎಂದು ಹೊಸಬರು ಕೇಳುತ್ತಾರೆ, ಹಳಬರು ನಗುತ್ತೇವೆ. ಈಚೆಗೆ ನನಗೆ ನಗು ಬರುತ್ತಿಲ್ಲ.

ಈ ಹಳದಿಗೆ ಗಂಧಕವೆಂದರೆ ಆಗದು. ಗಾಳಿಯಲ್ಲಿ ಗಂಧಕದ ಅನಿಲ ಇದ್ದರೆ ಅದು ಪದರದ ಸಣ್ಣ ರಂಧ್ರಗಳಲ್ಲಿ ನುಸುಳಿ ಬೆಳ್ಳಿಯನ್ನು ಮುಟ್ಟುತ್ತದೆ. ಹಳದಿ ಮಂಕಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಕೆಟ್ಟ ಗಾಳಿಯನ್ನು ಬಣ್ಣದಲ್ಲಿ ತೋರಿಸುವ ಗಾಜು ಮಾಡುವುದೇ ನಮ್ಮ ಉದ್ದೇಶ. ಅದು ಲ್ಯಾಬಿನ ಬಾಗಿಲು ದಾಟಿ ಹೊರಗೆ ಹೋದದ್ದೇ ಇಲ್ಲ, ನನ್ನ ಅಕ್ಕನ ಮನೆಗೆ ಹೋಗುವವರೆಗೆ.

ಅಕ್ಕ ಇರುವುದು ವಿಜಯವಾಡದ ಹತ್ತಿರ, ಕೊಂಡಪಲ್ಲಿಯ ಕಡೆ, ಬಾಡಿಗೆ ಮನೆಯಲ್ಲಿ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಭಾವ ಸೂಪರ್‌ವೈಸರ್. ಚಿತ್ರದುರ್ಗದ ಕಡೆಯವರಾದ ನಮ್ಮ ಕನ್ನಡ ಆ ಮನೆಯಲ್ಲಿ ಗಂಡ ಹೆಂಡತಿಯ ನಡುವೆ ಮಾತ್ರ ಉಳಿದಿದೆ. ಮಗಳು ತಾಯಿಗೂ ತೆಲುಗಿನಲ್ಲೇ ಉತ್ತರ ಕೊಡುತ್ತಾಳೆ.

ಒಗೆದ ಬಟ್ಟೆ ಹೊತ್ತು ತಾರಸಿಗೆ ಹತ್ತುವಾಗ ಅಕ್ಕ ನಡುಮೆಟ್ಟಿಲಲ್ಲಿ ನಿಂತುಬಿಡುತ್ತಿದ್ದಳು. ವಿಜಯವಾಡದ ಡಾಕ್ಟರು ಅಲರ್ಜಿ ಎಂದು ಇನ್ಹೇಲರ್ ಕೊಟ್ಟರು. ಅಕ್ಕ ಹೇಳುವುದು ಬೇರೆ. ಕೆಲವು ಬೆಳಿಗ್ಗೆ ಒಂದು ವಾಸನೆ ಬರುತ್ತದೆ, ಬೆಂಕಿಕಡ್ಡಿ ಗೀರಿದ ಹಾಗೆ. ವಾಸನೆ ಬಂದ ದಿನವೇ ಎದೆ ಹಿಡಿಯುತ್ತದೆ. ಮನೆ ಬಿಡೋಣ ಎಂದು ಅವಳು, ನನಗೆ ಯಾವ ವಾಸನೆಯೂ ಬರುವುದಿಲ್ಲ ಎಂದು ಭಾವ.

ಒಂದು ಭಾನುವಾರ ಊಟಕ್ಕೆ ಕೂತಾಗ ಭಾವ ನನ್ನತ್ತ ತಿರುಗಿದರು. "ಏನಪ್ಪಾ ಸೈಂಟಿಸ್ಟು, ಗಾಳಿ ನೋಡೋ ಗಾಜು ಮಾಡ್ತೀಯಲ್ಲ, ಒಂದು ತಂದಿಡು. ಅದು ಕಪ್ಪಾದ್ರೆ ನಿಮ್ಮಕ್ಕ, ಮಗಳು ಇಬ್ರೂ ನಿನ್ನ ಜೊತೆ ವೈಜಾಗ್‌ಗೆ ಬರ್ಲಿ, ನಾನೂ ಹಿಂದೆ ಬರ್ತೀನಿ. ಆಗ್ಲಿಲ್ಲ ಅಂದ್ರೆ ಈ ಮನೇಲಿ ವಾಸನೆ ಮಾತು ಬಂದ್."

ಅವರು ನಕ್ಕು ಹೇಳಿದರು ಎಂದು ನನ್ನ ನೆನಪು. ನಗಲೇ ಇಲ್ಲ ಎಂದು ಅಕ್ಕನ ನೆನಪು. ಅಕ್ಕ ಹೇಳಿದ್ದರ ಬಗ್ಗೆ ಮಾತ್ರ ಅನುಮಾನವಿಲ್ಲ. "ತಂದಿಡೋ," ಎಂದಳು, ಸಾರು ಬಡಿಸುತ್ತಲೇ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಒಟ್ಟಿಗೆ ಬಳಿದ ಗಾಜುಗಳಲ್ಲಿ ಒಂದನ್ನು ಹೊರಗೆ ಬಿಡುವುದಿಲ್ಲ. ಡಬ್ಬಿಯಲ್ಲಿ ಮುಚ್ಚಿ ಕತ್ತಲಲ್ಲಿ ಇಡುತ್ತೇವೆ. ಅದು ಸಾಕ್ಷಿ ಗಾಜು, ಕೊನೆಯವರೆಗೂ ತೆರೆಯುವಂತಿಲ್ಲ. ಹೊರಗಿನದು ಬಣ್ಣಗೆಟ್ಟರೆ ಕಾರಣ ಗಾಳಿಯೋ, ಪದರಕ್ಕೇ ವಯಸ್ಸಾಯಿತೋ ಎಂದು ಹೇಳಲು ಅದೊಂದೇ ದಾರಿ. ಅದರಂತೆ ಜೋಡಿಯಲ್ಲಿ ಒಂದು ಲ್ಯಾಬಿನಲ್ಲಿ ಉಳಿಯಿತು, ಇನ್ನೊಂದು ನನ್ನ ಬ್ಯಾಗಿನಲ್ಲಿ ವಿಜಯವಾಡದ ರೈಲು ಹತ್ತಿತು.

ಅಕ್ಕನ ಮಗಳು ಅದನ್ನು ತಿರುಗಿಸಿ ನೋಡಿ ಕೂಗಿದಳು. "ಮಾಮಯ್ಯಾ, ವೆನಕ ನುಂಚಿ ನೀಲಂ!"

"ಕನ್ನಡದಾಗೆ ಹೇಳೇ ಮಾಮಂಗೆ," ಎಂದಳು ಅಕ್ಕ.

"ಹಿಂದಿನಿಂದ ನೀಲಿ," ಎಂದಳು, ಪಾಠ ಒಪ್ಪಿಸುವಂತೆ.

ಮಲಗುವ ಕೋಣೆಯಲ್ಲಿಡೋಣ, ಅಡುಗೆಯ ಹೊಗೆ ತಾಗುವುದು ಬೇಡ ಎಂದೆ. "ಆ ಕಿಟಕಿ ತೆಗ್ಯಾಕೆ ನಿಮ್ ಭಾವ ಬಿಡಲ್ಲ, ಸೊಳ್ಳೆ ಅಂತಾರೆ," ಎಂದಳು ಅಕ್ಕ. ಅಡುಗೆಮನೆಯ ಕಿಟಕಿಯೇ ಆಯಿತು. ಅವಳು ಹೇಳುವ ವಾಸನೆ ಬರುವುದೂ ಆ ಕಡೆಯಿಂದಲೇ.

ಆಮೇಲೆ ಅವಳು ಫೋನಿನಲ್ಲಿ ಫೋಟೋ ಕಳಿಸುತ್ತಿದ್ದಳು. ಎಲ್ಲದರಲ್ಲೂ ಗಾಜು ಹಳದಿ. ಫೋನು ತನಗೆ ಸರಿ ಕಂಡಂತೆ ಬಣ್ಣ ತಿದ್ದುತ್ತದೆ ಎಂದು ನನಗೆ ಗೊತ್ತಿತ್ತು, ಆದರೂ ಹಳದಿ ಕಂಡಾಗ ಸಮಾಧಾನವಾಗುತ್ತಿತ್ತು. ಒಂದು ಬೆಳಿಗ್ಗೆ ಕರೆ ಬಂತು. "ಬಣ್ಣ ಹೋಗೈತೆ ಕಣೋ." ಅವಳ ದನಿಯಲ್ಲಿ ಸಂತೋಷವಿತ್ತು. ಅದನ್ನು ಕೇಳಿ ನನಗೆ ಭಯವಾಯಿತು.

ರಜೆ ಸಿಕ್ಕಿ ನಾನು ಹೋಗುವಷ್ಟರಲ್ಲಿ ಮನೆತುಂಬ ಆವಕಾಯಿ ಉಪ್ಪಿನಕಾಯಿಯ ಘಾಟು. ವಿಜಯವಾಡದ ಒನ್ ಟೌನ್ ಪೇಟೆಯಿಂದ ತಂದ ಸಾಸಿವೆ ಪುಡಿ, ಖಾರದ ಪುಡಿ, ಸುಲಿದ ಬೆಳ್ಳುಳ್ಳಿಯ ರಾಶಿ. ಕಿಟಕಿಯಲ್ಲಿ ಗಾಜು ಕಷಾಯದ ಬಣ್ಣಕ್ಕೆ ತಿರುಗಿತ್ತು. ಭಾವ ಜಾಡಿ ಎತ್ತಿ ತೋರಿಸಿದರು.

"ಇದರ ಘಾಟಿಗೆ ನಾನೇ ಕಪ್ಪಾಗಿದೀನಿ, ಗಾಜು ಯಾವ ಲೆಕ್ಕ?"

ಅದು ಬರೀ ತಮಾಷೆಯಾಗಿರಲಿಲ್ಲ. ಬೆಳ್ಳುಳ್ಳಿಯ ವಾಸನೆಯೆಂದರೆ ಗಂಧಕವೇ.

"ಆವಕಾಯಿ ಕಲಸಿದ್ದು ನಿನ್ನೆ," ಎಂದಳು ಅಕ್ಕ. "ಗಾಜು ಅದಕ್ಕೂ ಮೊದ್ಲೇ ಹೋಗಿತ್ತು."

"ಫೋಟೋದಾಗೆ ಹಳದಿನೇ ಇತ್ತಲ್ಲ?" ಎಂದರು ಭಾವ.

"ಭಾವಾ, ಫೋನು ಬಣ್ಣಾನ ತಿದ್ದುತ್ತೆ..."

"ಹೂಂ. ಈಗ ಫೋನೂ ಸುಳ್ಳು."

ನನ್ನಲ್ಲಿ ಇನ್ನೂ ಒಂದು ಉಪಾಯವಿತ್ತು. ಸಾಕ್ಷಿ ಗಾಜು ಹಳದಿಯಾಗೇ ಇದ್ದರೆ ಪದರಕ್ಕೆ ವಯಸ್ಸಾಗಿಲ್ಲ ಎಂದು ಗೊತ್ತಾಗುತ್ತದೆ. ಆಮೇಲೆ ಅದನ್ನೇ ಒಂದು ದಿನ ಬೆಳ್ಳುಳ್ಳಿಯ ಪಕ್ಕದಲ್ಲಿಟ್ಟು ನೋಡಬಹುದು. ಒಂದು ದಿನದ ಬೆಳ್ಳುಳ್ಳಿಗೆ ಅದು ಇಷ್ಟು ಕಂದಾಗದಿದ್ದರೆ ಅಕ್ಕನ ಮಾತು ನಿಜ. ಇಬ್ಬರಿಗೂ ಇದನ್ನು ಹೇಳಿದೆ. ಭಾವ ತಲೆಯಾಡಿಸಿದರು. ಅಕ್ಕ ಗೋಡೆ ಹಿಡಿದು ಕೂತು ಕೇಳಿಸಿಕೊಂಡಳು. ಅವಳ ಉಸಿರಿನಲ್ಲಿ ಸಣ್ಣದೊಂದು ಸಿಳ್ಳಿನ ಸದ್ದಿತ್ತು. ಆ ಸದ್ದು ಅವತ್ತಿನದೋ, ಆಮೇಲೆ ಕೇಳಿದ್ದನ್ನು ಅವತ್ತಿಗೆ ಸೇರಿಸಿಕೊಂಡಿದ್ದೇನೋ, ಗೊತ್ತಿಲ್ಲ.

ಕಿಟಕಿಯ ಗಾಜನ್ನು ಬ್ಯಾಗಿಗೆ ಹಾಕಿಕೊಂಡು ಲ್ಯಾಬಿಗೆ ಬಂದು ಡಬ್ಬಿ ತೆರೆದೆ. ಸಾಕ್ಷಿ ಗಾಜೂ ಕಂದು.

ಎರಡನ್ನೂ ಯಂತ್ರದಲ್ಲಿಟ್ಟು ನೋಡಿದೆ. ಪದರ ನುಂಗಿದ ಬೆಳಕು ಪರದೆಯ ಮೇಲೆ ಒಂದು ಗುಡ್ಡದಂತೆ ಕಾಣುತ್ತದೆ. ಎರಡರಲ್ಲೂ ಗುಡ್ಡ ತಗ್ಗಿ, ಅಗಲವಾಗಿ, ಕೆಂಪಿನ ಕಡೆಗೆ ಜರುಗಿತ್ತು. ಕೊಂಡಪಲ್ಲಿಯ ಗಾಳಿ ಇಲ್ಲಿಗೂ ಬಂದಿದೆ ಎಂಬ ಹುಚ್ಚು ಯೋಚನೆ ಬಂದು, ಕಿಟಕಿಯಾಚೆಯ ಸಮುದ್ರವನ್ನು ಒಂದು ಕ್ಷಣ ಅನುಮಾನದಿಂದ ನೋಡಿದೆ. ಆಗ ಹಿರಿಯ ಸಹೋದ್ಯೋಗಿಯೊಬ್ಬರು ಬಂದು ಡಬ್ಬಿಯನ್ನು ಎತ್ತಿಕೊಂಡರು. ಮುಚ್ಚಳ ಬಿಚ್ಚಿಕೊಳ್ಳದಿರಲಿ ಎಂದು ಸುತ್ತಿದ್ದ ರಬ್ಬರ್ ಬ್ಯಾಂಡ್ ಬಿಸಿಗೆ ಅಂಟಾಗಿ ಅಲ್ಲೇ ಇತ್ತು. ಅದನ್ನು ಬೆರಳಿನಿಂದ ಎಳೆದು ಬಿಟ್ಟರು. ರಬ್ಬರನ್ನು ಗಟ್ಟಿ ಮಾಡುವುದೇ ಗಂಧಕ. ದಿನವಿಡೀ ಬೆಳ್ಳಿ, ಗಂಧಕ ಎಂದು ಮಾತಾಡುವ ನಾವೆಲ್ಲರೂ ನಮ್ಮ ನಮ್ಮ ಸಾಕ್ಷಿ ಡಬ್ಬಿಗಳಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತಿದ್ದೆವು, ಜೋಪಾನವಾಗಿರಲಿ ಎಂದು.

ಅಕ್ಕನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಸ್ಪೀಕರ್ ಹಾಕಿದ್ದಳು.

"ಅಂದ್ರೆ ನಿಮ್ಮ ಕಡೇನೂ ಕಪ್ಪು," ಎಂದರು ಭಾವ. "ಮತ್ತೆ ವೈಜಾಗ್‌ಗೆ ಬಂದು ಇವಳು ಏನ್ ಮಾಡ್ಬೇಕು?"

"ಭಾವಾ, ಅದು ರಬ್ಬರ್‌ನಿಂದ ಆಗಿದ್ದು."

"ಇದು ಬೆಳ್ಳುಳ್ಳಿಯಿಂದ ಆಗಿದ್ದು."

"ಅಕ್ಕಾ, ಗಾಜು ಹಾಳಾಗೋಗ್ಲಿ," ಎಂದೆ. "ನೀನು ಮಗೂನ ಕರ್ಕೊಂಡು ಬಂದ್ಬಿಡು."

"ಹಂಗೆ ಬಂದ್ರೆ ಸಾಯೋತಂಕ ಇವ್ರ ಬಾಯಲ್ಲಿ ಇದೇ ಮಾತು, ಇಲ್ಲದ ವಾಸನೆಗೆ ಸಂಸಾರ ಎತ್ತಿಸಿದ್ಲು ಅಂತ." ನಡುವೆ ಉಸಿರಿಗಾಗಿ ನಿಂತಳು. "ಇನ್ನೊಂದು ಮಾಡ್ಕೊಂಡು ತಗಂಬಾ. ಅದು ಆಗೋವರೆಗೂ ಇಲ್ಲೇ ಇರ್ತೀನಿ."

ಮಾಡಿದೆ. ಒಯ್ದು ಅದೇ ಕಿಟಕಿಯಲ್ಲಿಟ್ಟೆ. ಈ ಸಲ ಸಾಕ್ಷಿ ಗಾಜನ್ನು ಗಾಜಿನ ಸೀಸೆಯಲ್ಲಿಟ್ಟು ಬಾಯಿಗೆ ಗಾಜಿನದೇ ಬಿರಡೆ ಹಾಕಿದ್ದೇವೆ. ಅಕ್ಕ ಅಡುಗೆಮನೆಗೆ ಬೆಳ್ಳುಳ್ಳಿ ತರುವುದನ್ನೇ ನಿಲ್ಲಿಸಿದ್ದಾಳೆ, ಮೊಟ್ಟೆ ಬೇಯಿಸುವುದನ್ನೂ, ಅದರಲ್ಲೂ ಗಂಧಕವಿದೆ ಎಂದು. ಸಾರು ಸಪ್ಪೆ ಎಂದು ಭಾವ ಗೊಣಗುತ್ತಾರಂತೆ, ಆದರೆ ತಿನ್ನುತ್ತಾರೆ. ಈ ಸಲ ಅವರಿಗೂ ಉತ್ತರ ಬೇಕು.

ಕಳೆದ ವಾರ ಅವಳು ಫೋನಿನಲ್ಲಿ ಕೇಳಿದಳು. "ಕಿಟಕಿ ಪೂರ್ತಿ ತೆಗೆದಿಟ್ರೆ ಬೇಗ ಆಗ್ತದೇನೋ?"

ಸುಳ್ಳು ಹೇಳಬಹುದಿತ್ತು. ಹೊರಗಿನ ಗಾಳಿ ಹೆಚ್ಚು ತಾಗಿದಷ್ಟೂ ಬಣ್ಣ ಬೇಗ ತಿರುಗುತ್ತದೆ, ಅದು ನಿಜ. ನಾನು ಹೌದು ಎಂದೆ.

ಈಗ ಬೆಳಿಗ್ಗೆ ಎದ್ದವಳೇ, ವಾಸನೆ ಬಂದ ದಿನವೂ, ಎರಡೂ ಕದ ತೆರೆಯುತ್ತಾಳಂತೆ. ಗಾಳಿಗೆ ಬಡಿದುಕೊಳ್ಳದಿರಲಿ ಎಂದು ಕದಕ್ಕೆ ಕಲ್ಲು ಒತ್ತಿಟ್ಟು, ಸೊಪ್ಪು ಸೋಸುವುದಕ್ಕೂ, ಅಕ್ಕಿ ಆರಿಸುವುದಕ್ಕೂ ಅಲ್ಲೇ, ಗಾಜಿನ ಪಕ್ಕದಲ್ಲೇ ಕೂರುತ್ತಾಳೆ.